ಹೆಡೆಯ ನೆರಳು

ಮನುಷ್ಯನು ತನ್ನನ್ನು ತಾನು ಕೇಳಿಕೊಳ್ಳಬಹುದಾದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಗಂಭೀರವಾದುದು "ನಾನೇಕೆ ಬದುಕಬೇಕು?" ಎಂಬುದು. ದಾರ್ಶನಿಕರು ಇದನ್ನು ಗ್ರಂಥಗಳಲ್ಲಿ ಚರ್ಚಿಸಿದ್ದಾರೆ. ಬಾಳಿನ ಸಂಜೆಯಲ್ಲಿರುವ ವೃದ್ಧರು ಜಗಲಿಯ ಮೇಲೆ ಕುಳಿತು ಚಿಂತಿಸಿದ್ದಾರೆ. ಆದರೆ ಸಹೃದಯ ಓದುಗರೇ, ಇದೇ ಪ್ರಶ್ನೆಯನ್ನು 14 ವರ್ಷದ ಮಗುವೊಂದು ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡು, ಮಳೆಯಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತು ಕೇಳಿಕೊಳ್ಳುವುದುಂಟೆಂದರೆ ನೀವು ನಂಬುವಿರಾ? ನಂಬಲೇಬೇಕಾಗಿದೆ. 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡವರು 1,70,924 ಮಂದಿ. ಅವರಲ್ಲಿ ವಿದ್ಯಾರ್ಥಿಗಳೇ 13,044 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿ ಹೇಳುತ್ತದೆ. ಪ್ರತಿಯೊಂದು ಸಾವಿಗೂ ಕಾರಣಗಳು ಹಲವು. ಅವೆಲ್ಲವನ್ನೂ ಒಂದೇ ಲೇಖನದಲ್ಲಿ ವಿವೇಚಿಸಲಾಗದು. ಆ ಕಾರಣಗಳಲ್ಲಿ ಒಂದಾದ, ನಾವು ಹಗುರವಾಗಿ ಕಂಡು ನಕ್ಕು ಮರೆಯುವ ಒಂದು ಸಂಗತಿಯನ್ನು ಮಾತ್ರ ಇಲ್ಲಿ ನಿಮ್ಮ ಮುಂದಿಡುತ್ತೇನೆ. ಅದು, ಜೊತೆಯ ಮಕ್ಕಳಿಂದಲೇ ಮಗುವಿಗೊದಗುವ ಗೇಲಿ, ಅವಮಾನ, ಪೀಡನೆ.

ತುಂಗಾ ಭದ್ರೆಯರ ಮಡಿಲಿನಲ್ಲಿರುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನು ಬಲ್ಲವರಿಗೆ ಇಲ್ಲಿಯ ಬದುಕಿನ ಬಗೆ ತಿಳಿದೇ ಇದೆ. ಮನೆಗೆ ಮನೆ ತಾಗಿಕೊಂಡಿರುವ ಬಯಲುಸೀಮೆಯ ಊರುಗಳಂಥವಲ್ಲ ಇವು. ಗುಡ್ಡದ ಮಗ್ಗುಲಿಗೊಂದು, ಕಣಿವೆಯ ತಳದಲ್ಲೊಂದು ಒಂಟಿ ಮನೆ. ಸುತ್ತ ಅಡಿಕೆಯ ತೋಟ, ಕಾಫಿಯ ಗಿಡಗಳು. ಮನೆಯಿಂದ ರಸ್ತೆಗೆ ಬರಬೇಕಾದರೆ ಹಳ್ಳ ದಾಟಿ ನಡೆಯಬೇಕು. ಊರಿನ ಪುಟ್ಟ ಶಾಲೆಯಲ್ಲಿ ಹತ್ತು ಹನ್ನೆರಡು ಮಕ್ಕಳ ನಡುವೆ ಬೆಳೆದ ಮಗು ಒಂದು ಜೂನ್ ತಿಂಗಳಲ್ಲಿ ಪಟ್ಟಣದ ಪ್ರೌಢಶಾಲೆಗೆ ಬರುತ್ತದೆ. ಅದರ ಮನೆಯ ಮಾತು ತುಳುವಿರಬಹುದು, ಮಲೆಯಾಳವಿರಬಹುದು, ಕಾಫಿ ತೋಟದ ಲೈನ್ ಮನೆಯ ತಮಿಳಿರಬಹುದು. ಉಚ್ಚಾರಣೆ ತುಸು ಬೇರೆ. ಅಂಗಿ ತುಸು ಹಳೆಯದು. ಮೈಬಣ್ಣ, ಮೈಕಟ್ಟು, ನಡಿಗೆ, ಉಗ್ಗು ಏನಾದರೊಂದು ಅದರಲ್ಲಿ "ನಮ್ಮಂತಿಲ್ಲ" ಎಂದು ಯಾರಿಗೋ ತೋರುತ್ತದೆ. ಅಂದಿನಿಂದ ಅದಕ್ಕೊಂದು ಅಡ್ಡಹೆಸರು.

ಹೆಸರೆಂಬುದು ಸಣ್ಣ ಮಾತೇ? ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ಊರು ಮೈಸೂರಿನ ಯುವರಾಜರಾಗಿದ್ದ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥವಾಗಿ ನರಸಿಂಹರಾಜಪುರವಾಯಿತು. ಊರಿಗೆ ಹೆಸರಿಡುವಾಗ ನಾವು ಗೌರವವನ್ನು ನೆನೆಯುತ್ತೇವೆ. ತೊಟ್ಟಿಲಲ್ಲಿಟ್ಟು, ನೆಂಟರಿಷ್ಟರನ್ನು ಕರೆದು, ಹರಸಿ ಕಿವಿಯಲ್ಲಿ ಉಸುರಿದ ಮಗುವಿನ ಹೆಸರನ್ನು ಮಾತ್ರ ತರಗತಿಯ ಹಿಂದಿನ ಬೆಂಚು ಒಂದೇ ದಿನದಲ್ಲಿ ಅಳಿಸಿಹಾಕಿ, ಹೀಯಾಳಿಕೆಯ ಹೆಸರೊಂದನ್ನು ಅಂಟಿಸಿಬಿಡುತ್ತದೆ. ವರ್ಷವಿಡೀ ಆ ಹೆಸರಿಗೇ ಓಗೊಡುತ್ತ ಬಂದ ಮಗುವು ಕೊನೆಗೊಂದು ದಿನ, ತಾನು ನಿಜವಾಗಿ ಅದೇ ಎಂದು ನಂಬಿದರೆ ಆಶ್ಚರ್ಯವೇನು?

"ಮಕ್ಕಳೆಂದ ಮೇಲೆ ಕೀಟಲೆ ಇದ್ದದ್ದೇ, ನಮ್ಮ ಕಾಲದಲ್ಲಿ ಇರಲಿಲ್ಲವೇ?" ಎಂದು ನೀವು ಕೇಳಬಹುದು. ಇತ್ತು, ನಿಜ. ಆದರೆ ಕೀಟಲೆಗೂ ಪೀಡನೆಗೂ ಇರುವ ವ್ಯತ್ಯಾಸವನ್ನು ಅರಿಯುವುದು ಅವಶ್ಯ. ಕೀಟಲೆಯಲ್ಲಿ ಇಂದು ನೀನು ನಾಳೆ ನಾನು. ಕೊನೆಗೆ ಇಬ್ಬರೂ ನಗುತ್ತಾರೆ. ಪೀಡನೆಯಲ್ಲಿ ನಗುವವರು ಯಾವಾಗಲೂ ಅವರೇ, ಅಳುವವನು ಯಾವಾಗಲೂ ಇವನೇ. ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಎದುರಿಸಲಾಗದಷ್ಟು ಬಲದ ಅಂತರ: ಈ ಮೂರು ಲಕ್ಷಣಗಳು ಕೂಡಿದರೆ ಅದು ಪೀಡನೆ ಎಂದು ನಾರ್ವೆ ದೇಶದಲ್ಲಿ ದುಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್ ಗುರುತಿಸಿದರು. ಜಗತ್ತಿನ ವಿದ್ಯಾರ್ಥಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳೊಳಗೆ ಸಹಪಾಠಿಗಳಿಂದ ಪೀಡನೆಗೊಳಗಾಗಿದ್ದರೆಂದು 2019ರ ಯುನೆಸ್ಕೋ ವರದಿ ತಿಳಿಸುತ್ತದೆ.

ನಮ್ಮ ಕಾಲಕ್ಕೂ ಇಂದಿಗೂ ಇನ್ನೊಂದು ಭೇದವುಂಟು. ಅಂದು ಶಾಲೆಯ ಗಂಟೆ ಬಾರಿಸಿದೊಡನೆ ಗೇಲಿಯೂ ಅಂದಿಗೆ ಮುಗಿಯುತ್ತಿತ್ತು. ಮನೆಯ ದಾರಿಯ ಕಾಡು, ಹಳ್ಳ, ಕೊಟ್ಟಿಗೆಯ ಕರು ಇವೆಲ್ಲ ಮಗುವಿನ ಗಾಯಕ್ಕೆ ಮದ್ದಾಗುತ್ತಿದ್ದವು. ಇಂದು ಕೈಯಲ್ಲಿರುವ ಮೊಬೈಲ್ ಆ ನಗೆಯನ್ನು ಮನೆಯೊಳಕ್ಕೂ ಹೊದಿಕೆಯೊಳಕ್ಕೂ ತರುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಪಾಠ ಕೇಳಲೆಂದು ಸಿಗ್ನಲ್ ಸಿಗುವ ಗುಡ್ಡಗಳನ್ನು ಹತ್ತಿ ಕುಳಿತದ್ದನ್ನು ನೀವು ಕಂಡಿದ್ದೀರಿ. ವಿದ್ಯೆಯನ್ನು ತಂದ ಆ ಯಂತ್ರವೇ ವಿಷವನ್ನೂ ತರಬಲ್ಲದು. ಅದಕ್ಕೆ ಹಗಲಿಲ್ಲ, ಇರುಳಿಲ್ಲ, ರಜೆಯಿಲ್ಲ.

ಇಂಥ ಮಗು ಧೈರ್ಯಮಾಡಿ ಹಿರಿಯರ ಬಳಿ ಬಂದು ಹೇಳಿಕೊಂಡಾಗ ನಾವು ಕೊಡುವ ಉತ್ತರವನ್ನು ಸ್ವಲ್ಪ ಪರೀಕ್ಷಿಸೋಣ. ಮೊದಲನೆಯದು, "ಗಂಡುಮಗನಾಗಿ ಅಳುವೆಯಾ? ತಿರುಗಿ ಹೊಡೆ" ಎಂಬುದು. ಹೊಡೆಯಬಲ್ಲವನಾಗಿದ್ದರೆ ಅವನು ನಮ್ಮಲ್ಲಿಗೆ ಬರುತ್ತಿರಲಿಲ್ಲ. ಎರಡನೆಯದು, "ನೀನೇನೋ ಮಾಡಿರಬೇಕು" ಎಂಬುದು. ಇದು ಅಲ್ಲಿಯವರೆಗೆ ಹೊರಗಿದ್ದ ನ್ಯಾಯಾಸನವನ್ನು ಮನೆಯೊಳಗೇ ತಂದು, ಅಪರಾಧಿಯ ಸ್ಥಾನದಲ್ಲಿ ಮಗುವನ್ನೇ ನಿಲ್ಲಿಸುತ್ತದೆ. ಮೂರನೆಯದು ನಮ್ಮಂಥ ಧಾರ್ಮಿಕರು ಕೊಡುವ ಉತ್ತರ: "ಸಹಿಸಿಕೋ, ಸಹನೆಯೇ ದೊಡ್ಡ ಗುಣ."

ಈ ಮೂರನೆಯದನ್ನು ಕುರಿತು ಒಂದು ಮಾತು ಹೇಳಲೇಬೇಕು. ಸ್ತುತಿನಿಂದೆಗಳೆರಡನ್ನೂ ಶಾಂತಚಿತ್ತದಿಂದ ಕಾಣಬೇಕೆಂಬ ಅಕ್ಕಮಹಾದೇವಿಯ ನಿಲುವನ್ನು ಅರಿಯದ ಭಕ್ತರುಂಟೇ? ನಮ್ಮ ಮಲೆನಾಡಿನ ಸೆರಗಿನ ಉಡುತಡಿಯಿಂದ ಹೊರಟ ಆ ಮಹಾತಾಯಿ ಅದನ್ನು ತನ್ನ ಮನಸ್ಸಿಗೆ ತಾನು ಹೇಳಿಕೊಂಡಳು. ಅದು ಬಲದಿಂದ ಹುಟ್ಟಿದ ಸಮಾಧಾನ. ತನಗೆ ತಾನು ಹೇಳಿಕೊಂಡರೆ ಸಾಧನೆಯಾಗುವ ಮಾತು, ನೋಯುತ್ತಿರುವ ಇನ್ನೊಬ್ಬನಿಗೆ ಹೇಳಿದಾಗ ಬಾಯಿಗೆ ತುರುಕಿದ ಬಟ್ಟೆಯಾಗಬಹುದು. ಅಕ್ಕನ ಮಾತನ್ನು ಹಿಡಿದು ಮಗುವಿನ ಬಾಯಿ ಮುಚ್ಚಿಸುವುದು ಅಕ್ಕನಿಗೂ ಅಪಚಾರ, ಮಗುವಿಗೂ ಅಪಚಾರ. ಸಹನೆಯನ್ನು ಬೋಧಿಸುವ ಮುನ್ನ ನೋವನ್ನು ನಿಲ್ಲಿಸುವುದು ಧರ್ಮ.

ಈಗ ಆ ಮಗುವಿನ ಅಂತರಂಗಕ್ಕೆ ಬರೋಣ. ಪೀಡನೆಯಲ್ಲಿ ಅತ್ಯಂತ ಕ್ರೂರವಾದುದು ಯಾವುದು? ಪೆಟ್ಟಲ್ಲ, ಬೈಗುಳವೂ ಅಲ್ಲ. ಅವು ಮನಸ್ಸಿನಲ್ಲಿ ಬಿತ್ತುವ ಒಂದು ತಪ್ಪು ಲೆಕ್ಕ. ತರಗತಿಯಲ್ಲಿ 40 ಮಕ್ಕಳು. ಅವರಲ್ಲಿ ಗೇಲಿಮಾಡುವವರು ನಾಲ್ವರು. ನಗುವವರು ಹತ್ತು ಮಂದಿ. ಉಳಿದವರು ಸುಮ್ಮನಿರುವವರು. ಈ ಸುಮ್ಮನಿದ್ದವರನ್ನೂ ಮಗುವು ನಗುವವರ ಲೆಕ್ಕಕ್ಕೇ ಸೇರಿಸುತ್ತದೆ. ಆ ಬಳಿಕ ತರಗತಿಯೇ ಶಾಲೆಯಾಗುತ್ತದೆ, ಶಾಲೆಯೇ ಜಗತ್ತಾಗುತ್ತದೆ, ಇಂದಿನ ದಿನವೇ ಎಂದೆಂದಿನ ದಿನವಾಗುತ್ತದೆ. "ನಾಲ್ವರು ನನ್ನನ್ನು ಬೇಡವೆನ್ನುತ್ತಾರೆ" ಎಂಬಲ್ಲಿಂದ ಹೊರಟ ಮನಸ್ಸು "ನಾನು ಯಾರಿಗೂ ಬೇಡ" ಎಂಬಲ್ಲಿಗೆ ಬಂದು ಮುಟ್ಟುತ್ತದೆ. ನಾಲ್ವರ ಬಾಯಿಂದ ಬಂದದ್ದನ್ನು ಇಡೀ ವಿಶ್ವದ ತೀರ್ಪೆಂದು ಒಪ್ಪಿಕೊಳ್ಳುವ ಈ ಮಬ್ಬಿಗೇ ಹತಾಶೆಯೆಂದು ಹೆಸರು. ಹತಾಶೆಯು ಸತ್ಯದ ದರ್ಶನವಲ್ಲ. ಆಷಾಢದ ಮಂಜು ಕವಿದಾಗ ಎದುರಿನ ಗುಡ್ಡವೇ ಇಲ್ಲವೆಂದು ತೋರುವಂತೆ, ಇರುವುದನ್ನು ಕಾಣಗೊಡದ ಸ್ಥಿತಿ.

ಮಂಜು ಸರಿಯುವುದುಂಟೇ? ಉಂಟೆಂಬುದಕ್ಕೆ ಆಧಾರವಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1937ರಿಂದ 1971ರವರೆಗಿನ ಅವಧಿಯಲ್ಲಿ ಪ್ರಾಣತ್ಯಾಗಕ್ಕೆಂದು ಬಂದು, ಆ ಕ್ಷಣದಲ್ಲಿ ಯಾರೋ ತಡೆದುದರಿಂದ ಉಳಿದ 515 ಮಂದಿಯ ಮುಂದಿನ ಬದುಕನ್ನು ರಿಚರ್ಡ್ ಸೈಡನ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದರು. ಅವರಲ್ಲಿ ಸುಮಾರು ನೂರಕ್ಕೆ 94 ಮಂದಿ ಒಂದೋ ಜೀವಂತರಾಗಿದ್ದರು, ಇಲ್ಲವೇ ಸಹಜ ಕಾರಣಗಳಿಂದ ತೀರಿಕೊಂಡಿದ್ದರು. ಸಾಯಲೇಬೇಕೆಂದು ನಿರ್ಧರಿಸಿ ಬಂದವರ ಆ ನಿರ್ಧಾರವು ಬದುಕಿನಷ್ಟು ದೀರ್ಘವಾದುದಾಗಿರಲಿಲ್ಲ. ಕವಿದ ಕತ್ತಲೆ ಶಾಶ್ವತವೆಂದು ಅಂದು ಅವರಿಗೆ ತೋರಿದ್ದು ಸುಳ್ಳಾಯಿತು. ಆ ಒಂದು ಗಳಿಗೆಯಲ್ಲಿ ಯಾರೋ ತೋಳು ಹಿಡಿದುದು ಮಾತ್ರ ನಿಜವಾಯಿತು.

ನಮ್ಮ ದೇಶದ ಮಹನೀಯರ ಬಾಲ್ಯವನ್ನೇ ನೋಡಿರಿ. ರಾಜಕೋಟೆಯ ಶಾಲೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗನಿಗೆ ವಿಪರೀತ ಸಂಕೋಚ. ಯಾರಾದರೂ ಗೇಲಿಮಾಡಿಯಾರೆಂಬ ಅಂಜಿಕೆಯಿಂದ ಶಾಲೆ ಬಿಟ್ಟೊಡನೆ ಮನೆಗೆ ಓಡಿಬಿಡುತ್ತಿದ್ದ. ಅದೇ ಹುಡುಗ ಹದಿಹರೆಯದ ಹೊಸ್ತಿಲಲ್ಲಿ, ಹಿರಿಯರ ಅಪ್ಪಣೆಯಿಲ್ಲದೆ ಏನನ್ನೂ ಮಾಡಲಾಗದ ಬದುಕು ಬೇಡವೆಂದು ಬೇಸರಗೊಂಡು, ಬಂಧುವೊಬ್ಬನೊಡನೆ ಜೀವ ಬಿಡಲು ಹೊರಟು, ಧೈರ್ಯ ಸಾಲದೆ ಹಿಂದಿರುಗಿದ. ಮೋಹನದಾಸ ಕರಮಚಂದ ಗಾಂಧಿ ಎಂಬ ಆ ಹುಡುಗನೇ ಮುಂದೆ ಆತ್ಮಕಥೆಯಲ್ಲಿ ಇದೆಲ್ಲವನ್ನೂ ಮರೆಮಾಚದೆ ಬರೆದ. ಇನ್ನೊಬ್ಬ ಬಾಲಕನನ್ನು ನೆನೆಯಿರಿ. ಸಾತಾರದ ಶಾಲೆಯಲ್ಲಿ ಆತ ಎಲ್ಲರೊಡನೆ ಕೂಡುವಂತಿರಲಿಲ್ಲ. ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂಡಬೇಕು, ಸಂಜೆ ಅದನ್ನು ಮನೆಗೆ ಒಯ್ಯಬೇಕು. ಬಾಯಾರಿದರೆ ನಲ್ಲಿಯನ್ನು ಮುಟ್ಟುವಂತಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನು ಬಾರದ ದಿನ ನೀರಿಲ್ಲ. ಸಮಾಜವೇ ಪೀಡಕನಾಗಿ ನಿಂತ ಪರಿ ಅದು. ಆ ಬಾಲಕ ಭೀಮರಾವ್ ಅಂಬೇಡ್ಕರ್ 1913ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಮುಂದೆ ಸ್ವತಂತ್ರ ಭಾರತದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು.

ಈ ಉದಾಹರಣೆಗಳನ್ನು ನಾನು ಕೊಡುವುದು ಬದುಕಿದರೆ ದೊಡ್ಡವರಾಗುತ್ತೀರಿ ಎಂದು ಆಸೆ ತೋರಿಸಲಿಕ್ಕಲ್ಲ. ಎಲ್ಲರೂ ಗಾಂಧಿಯಾಗಬೇಕಿಲ್ಲ, ಅಂಬೇಡ್ಕರರಾಗಬೇಕಿಲ್ಲ. ದೊಡ್ಡವರಾಗುವ ಷರತ್ತಿನ ಮೇಲೆ ಯಾರಿಗೂ ಬದುಕು ದತ್ತವಾಗಿಲ್ಲ. ಹೇಳಬೇಕಾದುದಿಷ್ಟೇ: ಅವಮಾನದ ಆ ಗಳಿಗೆಯಲ್ಲಿ ಆ ಮಕ್ಕಳಾಗಲಿ ಅವರನ್ನು ನೋಡಿದವರಾಗಲಿ ಮುಂದಿನದನ್ನು ಕಾಣಬಲ್ಲವರಾಗಿರಲಿಲ್ಲ. ಅರ್ಧ ಓದಿದ ಪುಸ್ತಕದ ಮೇಲೆ ತೀರ್ಪು ಬರೆಯಬಾರದೆಂಬುದನ್ನು ಓದುಗರಾದ ನೀವೇ ಒಪ್ಪುವಿರಿ. 14ನೆಯ ವಯಸ್ಸಿನಲ್ಲಿ ಬದುಕಿನ ಎಷ್ಟು ಪುಟಗಳನ್ನು ತಿರುವಿದಂತಾಯಿತು?

ಹಾಗಾದರೆ "ಏಕೆ ಬದುಕಬೇಕು?" ಎಂಬುದಕ್ಕೆ ಉತ್ತರವೇನು? ಆಸ್ಟ್ರಿಯಾ ದೇಶದ ವೈದ್ಯ ವಿಕ್ಟರ್ ಫ್ರಾಂಕ್ಲ್ ಈ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಬೆನ್ನಟ್ಟಿದವರು. 1928ರಿಂದಲೇ ವಿಯೆನ್ನಾ ನಗರದಲ್ಲಿ ಹದಿಹರೆಯದವರಿಗಾಗಿ ಉಚಿತ ಸಲಹಾ ಕೇಂದ್ರಗಳನ್ನು ತೆರೆದರು. ಅಂಕಪಟ್ಟಿ ಕೊಡುವ ಕಾಲದಲ್ಲಿ ಮಕ್ಕಳು ಹತಾಶರಾಗುವುದನ್ನು ಕಂಡು ಆ ದಿನಗಳಲ್ಲಿ ವಿಶೇಷ ಎಚ್ಚರ ವಹಿಸಿದರು. ಮುಂದೆ ಅವರೇ ನಾಜಿಗಳ ಸೆರೆಶಿಬಿರಗಳ ಪಾಲಾಗಿ 1945ರಲ್ಲಿ ಬಿಡುಗಡೆ ಹೊಂದಿದರು. ಅಲ್ಲಿ ಬದುಕಿನ ಆಸೆಯನ್ನು ಪೂರ್ತಿಯಾಗಿ ತೊರೆದಿದ್ದ ಇಬ್ಬರ ವಿಷಯವನ್ನು ಅವರು ದಾಖಲಿಸಿದ್ದಾರೆ. ಒಬ್ಬನಿಗಾಗಿ ಪರದೇಶದಲ್ಲಿ ಅವನ ಕಂದ ಕಾದಿತ್ತು. ಇನ್ನೊಬ್ಬ ವಿಜ್ಞಾನಿ, ಅವನು ಬರೆಯತೊಡಗಿದ್ದ ಗ್ರಂಥಮಾಲೆ ಅಪೂರ್ಣವಾಗಿ ಉಳಿದಿತ್ತು. "ಬದುಕಿನಿಂದ ನನಗೇನು ಸಿಕ್ಕೀತು?" ಎಂದು ಕೇಳುತ್ತಿದ್ದವರಿಗೆ "ನನಗಾಗಿ ಕಾದಿರುವುದು ಏನು?" ಎಂದು ಪ್ರಶ್ನೆಯನ್ನೇ ತಿರುಗಿಸಿ ಕೇಳಿಕೊಳ್ಳಲು ಕಲಿಸಿದಾಗ ಅವರಲ್ಲಿ ಬದುಕುವ ಬಲ ಮರಳಿತು.

ಇಲ್ಲೊಂದು ಎಚ್ಚರ ಬೇಕು. "ನೀನು ಸತ್ತರೆ ತಂದೆತಾಯಿಗಳ ಮಾನ ಹೋಗುತ್ತದೆ" ಎಂದು ಹೆದರಿಸುವುದು ಕಾರಣ ಕೊಡುವುದಲ್ಲ. ಅದು ಹೊತ್ತ ಹೊರೆಯ ಮೇಲೆ ಮತ್ತೊಂದು ಕಲ್ಲು. ಕಾರಣವು ಹೊರೆಯಂತೆ ಹೇರುವುದಲ್ಲ, ಕೈಯಂತೆ ಕರೆಯುವುದು. ಮತ್ತು ಅದು ದೊಡ್ಡದಾಗಿರಬೇಕೆಂಬ ನಿಯಮವಿಲ್ಲ. ಇದನ್ನು ನಾನು ಕಲಿತದ್ದು ಗ್ರಂಥದಿಂದಲ್ಲ. ಹೇಳಲು ನಾಚಿಕೆಯಾಗುವ ಒಂದು ಸಂಗತಿಯಿಂದ ಕಲಿತೆ. ಅದನ್ನು ನಿಮ್ಮಲ್ಲಿ ನಿವೇದಿಸಿಕೊಳ್ಳುತ್ತೇನೆ.

ನನ್ನ ಓದಿನ ದಿನಗಳಲ್ಲಿ ನಾನಿದ್ದ ವಿದ್ಯಾರ್ಥಿನಿಲಯದಲ್ಲಿ ಉಗ್ಗುವ ಹುಡುಗನೊಬ್ಬನಿದ್ದ. ರಾತ್ರಿ ಊಟಕ್ಕೆ ಮೊದಲು ಹಾಜರಿ ಕರೆಯುವಾಗ ಅವನು ಉತ್ತರಿಸಲು ತಡವರಿಸುವುದನ್ನೇ ಕೆಲವರು ಕಾದು, ಅವನಂತೆಯೇ ಉಗ್ಗಿ ಅಣಕಿಸುತ್ತಿದ್ದರು. ಸಾಲಿನುದ್ದಕ್ಕೂ ನಗೆ ಹಬ್ಬುತ್ತಿತ್ತು. ನಾನು ಅಣಕಿಸಿದವನಲ್ಲ, ನಕ್ಕವನು. ಅಡುಗೆಮನೆಯಲ್ಲಿ ವೃದ್ಧರೊಬ್ಬರಿದ್ದರು. ಎಲ್ಲರೂ ಅವರನ್ನು ಅಜ್ಜಯ್ಯ ಎನ್ನುತ್ತಿದ್ದೆವು. ಅವರು ಯಾರಿಗೂ ಬುದ್ಧಿ ಹೇಳಲಿಲ್ಲ. ಒಂದು ದಿನದಿಂದ ಆ ಹುಡುಗನನ್ನು ಬೆಳಗಿನ ಜಾವ ಅಡುಗೆಮನೆಗೆ ಕರೆದು ಕಾಯಿ ತುರಿಯಲು ಕೂರಿಸಿಕೊಂಡರು, ಅಷ್ಟೆ. ಅನೇಕ ವರ್ಷಗಳ ಬಳಿಕ, ಕೊಪ್ಪದ ಬಸ್ ನಿಲ್ದಾಣದಲ್ಲಿ ಆ ಗೆಳೆಯ ಎದುರಾದ. ಈಗ ಅವನು ಮೊಮ್ಮಕ್ಕಳನ್ನು ಕಂಡವನು. ಹಳೆಯದನ್ನು ಮಾತಾಡುತ್ತ ಅವನು ಹೇಳಿದ: "ಆ ವರ್ಷ ಒಂದು ರಾತ್ರಿ ಇನ್ನು ಸಾಕು ಅಂತ ತೀರ್ಮಾನ ಮಾಡಿದ್ದೆ ಮಾರಾಯ. ಆದ್ರೆ ಮಲಗೋ ಮುಂಚೆ ಅಜ್ಜಯ್ಯ, ನಾಳೆ ದಾಸೋಹಕ್ಕೆ ಜನ ಜಾಸ್ತಿ, ಕಾಯಿ ಹೆಚ್ಚಿದೆ, ಬೇಗ ಬಾರಪ್ಪ ಅಂದಿದ್ರು. ಬರ್ತೀನಿ ಅಂತ ಮಾತು ಕೊಟ್ಟಿದ್ದೆ." ತುಸು ತಡೆದು ಕೇಳಿದ: "ನೀನೂ ನಗ್ತಿದ್ದೆ, ಅಲ್ವಾ?" ಹೌದೆಂದೆ. ಅದಕ್ಕಿಂತ ಹೆಚ್ಚಿನ ಮಾತು ನನ್ನಲ್ಲಿರಲಿಲ್ಲ. ಅವನು ನನ್ನ ಬೆನ್ನ ಮೇಲೆ ಕೈಯಿಟ್ಟು, ಬಸ್ಸು ಬಂತೆಂದು ಹೊರಟುಹೋದ.

ಓದುಗರೇ, ಒಂದು ಜೀವವನ್ನು ಆ ರಾತ್ರಿ ಭೂಮಿಯ ಮೇಲೆ ಉಳಿಸಿದ್ದು ಯಾವ ಸಿದ್ಧಾಂತವೂ ಅಲ್ಲ. ನಾಳೆ ತುರಿಯಬೇಕಾಗಿದ್ದ ಕಾಯಿ, ಮತ್ತು ಅದಕ್ಕಾಗಿ ಕರೆದ ಒಂದು ದನಿ. ಕಾಯಕ, ದಾಸೋಹ ಎಂಬ ಶಬ್ದಗಳನ್ನು ನಾವು ಭಾಷಣಗಳಲ್ಲಿ ಎಷ್ಟು ಬಾರಿ ಉಚ್ಚರಿಸಿದ್ದೇವೆ! "ನಿನ್ನಿಂದ ಆಗಬೇಕಾದ ಕೆಲಸವಿದೆ, ನಿನ್ನ ಪಾಲಿನ ತುತ್ತೂ ಇಲ್ಲಿದೆ" ಎಂದು ತಿರಸ್ಕೃತನೊಬ್ಬನಿಗೆ ಹೇಳುವುದೇ ಅವುಗಳ ಅರ್ಥವೆಂದು ಅಜ್ಜಯ್ಯನಿಂದ ಅರಿಯಬೇಕಾಯಿತು. ಬದುಕಲು ಕಾರಣವನ್ನು ಹತಾಶನಾದವನು ಒಬ್ಬನೇ ಕುಳಿತು ಹುಡುಕಿಕೊಳ್ಳಲಾರ. ಮಂಜಿನಲ್ಲಿ ನಿಂತವನಿಗೆ ಗುಡ್ಡ ಕಾಣದು. ಕಾರಣವು ಬಹುಮಟ್ಟಿಗೆ ಇನ್ನೊಬ್ಬರ ಬಾಯಿಂದ, ಅತಿ ಸಾಮಾನ್ಯವಾದ ಮಾತಿನ ರೂಪದಲ್ಲಿ ಬರುತ್ತದೆ. ಆದ್ದರಿಂದ "ಇವನು ಏಕೆ ಬದುಕಬೇಕು?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅವನೊಬ್ಬನೇ ಅಲ್ಲ. ಅದು ಅವನ ಸುತ್ತಲಿರುವ ನಮ್ಮೆಲ್ಲರನ್ನು ಕೇಳಿದ ಪ್ರಶ್ನೆ.

ಶೃಂಗೇರಿಯಲ್ಲಿ ತುಂಗೆಯ ದಡದ ಮೆಟ್ಟಿಲುಗಳ ಬಳಿ ಕಪ್ಪೆ ಶಂಕರ ಎಂದು ಕರೆಯುವ ತಾಣವನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಸುಡುವ ಬಿಸಿಲಿನಲ್ಲಿ ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆಯೆತ್ತಿ ನೆರಳು ನೀಡಿದ್ದನ್ನು ಶಂಕರಾಚಾರ್ಯರು ಅಲ್ಲಿ ಕಂಡರೆಂದೂ, ಹುಟ್ಟುವೈರವನ್ನು ಮರೆಸುವ ನೆಲವಿದೆಂದು ತಿಳಿದು ಪೀಠಸ್ಥಾಪನೆಗೆ ಆ ತಾಣವನ್ನೇ ಆರಿಸಿಕೊಂಡರೆಂದೂ ಐತಿಹ್ಯ. ಮತಭೇದವೆಣಿಸದೆ ಆ ಕಥೆಯನ್ನು ನಾವೆಲ್ಲರೂ ಧ್ಯಾನಿಸಬಹುದು. ಹಾವು ಬಲಶಾಲಿ, ಕಪ್ಪೆ ಅದರ ಆಹಾರ. ನೆರಳು ಕೊಡುವ ಮುನ್ನ ಹಾವು ಕಪ್ಪೆಯ ಯೋಗ್ಯತೆಯನ್ನು ವಿಚಾರಿಸಲಿಲ್ಲ. "ನೀನೂ ಹೆಡೆ ಬೆಳೆಸಿಕೋ" ಎಂದು ಕಪ್ಪೆಗೆ ಉಪದೇಶಿಸಲಿಲ್ಲ. ಬಿಸಿಲನ್ನು ಸಹಿಸೆಂದೂ ಹೇಳಲಿಲ್ಲ. ತನ್ನ ಬಲವನ್ನೇ ನೆರಳಾಗಿಸಿತು. ಒಂದು ನೆಲ ಪವಿತ್ರವೆನಿಸಲು ಅಷ್ಟು ಸಾಕಾಯಿತು. ಅದೇ ತುಂಗೆಯ ಮಡುವಿನಲ್ಲಿ ಆಡುವ ಮೀನುಗಳಿಗೆ ಯಾರೂ ಕೇಡು ಬಗೆಯರು. ಯಾತ್ರಿಕರು ಅವಕ್ಕೆ ಮಂಡಕ್ಕಿ ಎರಚಿ ಆನಂದಿಸುತ್ತಾರೆ. ಮೀನಿಗೆ ದೊರೆತ ಅಭಯವು ನಮ್ಮ ತರಗತಿಯ ಕೊನೆಯ ಬೆಂಚಿನ ಮಗುವಿಗೆ ದೊರೆಯಬಾರದೇ?

ದೊರಕಿಸುವುದು ಅಸಾಧ್ಯವಲ್ಲ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಬಾಲಕರು, ಬಹುಮಟ್ಟಿಗೆ ಸಹಪಾಠಿಗಳ ಪೀಡನೆಯ ಪರಿಣಾಮವಾಗಿ, ಜೀವ ಕಳೆದುಕೊಂಡರು. ದೇಶವೇ ಎಚ್ಚೆತ್ತಿತು. 1983ರಲ್ಲಿ ಸರ್ಕಾರ ಎಲ್ಲ ಶಾಲೆಗಳಲ್ಲಿ ಪೀಡನೆಯ ವಿರುದ್ಧ ಆಂದೋಲನವನ್ನು ಕೈಗೊಂಡಿತು. ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಓಲ್ವೆಯಸ್ ಎರಡೂವರೆ ವರ್ಷ ಅಭ್ಯಸಿಸಿದರು. ಸ್ಪಷ್ಟ ನಿಯಮ, ಬಿಡುವಿನ ವೇಳೆಯಲ್ಲಿ ಉಪಾಧ್ಯಾಯರ ಕಣ್ಗಾವಲು, ಪೀಡಿಸಿದವನೊಡನೆಯೂ ಪೀಡಿತನೊಡನೆಯೂ ಅವರ ತಂದೆತಾಯಿಗಳೊಡನೆಯೂ ಮಾತುಕತೆ: ಇಷ್ಟರಿಂದಲೇ ಪೀಡನೆ ಅರ್ಧದಷ್ಟು ಇಳಿಯಿತು. ಹಿರಿಯರು ನೋಡುತ್ತಿದ್ದಾರೆಂಬ ಅರಿವೇ ದೊಡ್ಡ ಔಷಧವಾಯಿತು.

ನಮ್ಮಲ್ಲಿಯೂ ದಾರಿಗಳು ತೆರೆದಿವೆ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ರ‍್ಯಾಗಿಂಗನ್ನು ಅಪರಾಧವೆಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಾನಸಿಕ ಚಿಕಿತ್ಸೆಯು ಹಳ್ಳಿಗಾಡಿಗೂ ತಲುಪಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜೀವ ಕಳೆದುಕೊಳ್ಳಲು ಯತ್ನಿಸಿದವನನ್ನು ಹಿಂದೆ ಕಾನೂನು ಅಪರಾಧಿಯೆಂದು ಕಾಣುತ್ತಿತ್ತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಅವನನ್ನು ತೀವ್ರ ಒತ್ತಡದಲ್ಲಿರುವವನೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆಯನ್ನು ಕೊಡಬೇಕೆಂದು ವಿಧಿಸಿತು. ಕಾನೂನಿಗೇ ಕರುಣೆ ಬಂದಿರುವಾಗ ನಮ್ಮ ಮನೆಯ ಮಾತಿಗೆ ಬಾರದಿರಬೇಕೇ? 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಯಾರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ತೊಂದರೆಯಲ್ಲಿರುವ ಮಕ್ಕಳಿಗಾಗಿ 1098 ಸಂಖ್ಯೆ ಇದೆ.

ಮಠದ ನೆರಳಿನಲ್ಲಿ ಓದಿ ಬೆಳೆದ ಹಳೆಯ ವಿದ್ಯಾರ್ಥಿಗಳೇ, ಇಂದು ನಿಮ್ಮಲ್ಲಿ ಉಪಾಧ್ಯಾಯರಿದ್ದೀರಿ, ನಿಲಯಪಾಲಕರಿದ್ದೀರಿ, ತಾಯಿತಂದೆಗಳಿದ್ದೀರಿ. ಮಗು ಶಾಲೆಗೆ ಹೋಗಲು ದಿನವೂ ಹೊಟ್ಟೆನೋವೆಂದರೆ, ಊಟ ಬಿಟ್ಟರೆ, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಇತರರಿಗೆ ಹಂಚತೊಡಗಿದರೆ, "ನಾನಿಲ್ಲದಿದ್ದರೆ ಒಳ್ಳೆಯದಿತ್ತು" ಎಂದರೆ, ಅದನ್ನು ಹಟವೆಂದೋ ನಾಟಕವೆಂದೋ ತಳ್ಳಿಹಾಕಬೇಡಿರಿ. ಹತ್ತಿರ ಕೂರಿಸಿಕೊಂಡು, "ಬದುಕು ಬೇಡ ಅನ್ನಿಸುತ್ತಿದೆಯೇನಪ್ಪಾ?" ಎಂದು ನೇರವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟೀತೆಂಬ ಭಯ ಬೇಡ. ಕೇಳುವವರಿದ್ದಾರೆಂದು ತಿಳಿದಾಗ ಎದೆಯ ಭಾರ ಇಳಿಯುತ್ತದೆ. ಹೌದೆಂದರೆ ಗದರಬೇಡಿ, ಒಂಟಿಯಾಗಿ ಬಿಡಬೇಡಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಪೀಡಿಸುವ ಮಗುವೂ ನಮ್ಮದೇ ಎಂಬುದನ್ನು ಮರೆಯಬೇಡಿರಿ. ಅದರ ಮನೆಯಲ್ಲಿ ಅದು ಏನನ್ನು ಕಂಡು ಬೆಳೆಯುತ್ತಿದೆಯೋ ವಿಚಾರಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಸುಮ್ಮನಿರುವ ಮಕ್ಕಳಿಗೆ ತಿಳಿಹೇಳಿರಿ: ಅವರಲ್ಲಿ ಒಬ್ಬನು ಎದ್ದುಹೋಗಿ ಆ ಮಗುವಿನ ಪಕ್ಕದಲ್ಲಿ ಕುಳಿತರೆ "ನಾನು ಯಾರಿಗೂ ಬೇಡ" ಎಂಬ ಲೆಕ್ಕ ಅಂದೇ ತಪ್ಪಾಗುತ್ತದೆ. ನಾನು ಅಂದು ಅಷ್ಟು ಮಾಡಬಹುದಿತ್ತು. ಮಾಡಲಿಲ್ಲ.

ಕೊನೆಯಲ್ಲಿ, ಮನೆಯಲ್ಲಿ ಹಿರಿಯರು ತಂದಿಟ್ಟ ಈ ಪತ್ರಿಕೆಯನ್ನು ಯಾರಿಗೂ ಕಾಣದಂತೆ ತೆರೆದು ಓದುತ್ತಿರಬಹುದಾದ ನಿನಗೆ, ಮಗೂ, ಎರಡು ಮಾತು. ಬದುಕಲು ಕಾರಣ ನಿನಗೆ ಇಂದೇ ಹೊಳೆಯಬೇಕೆಂದಿಲ್ಲ. ಕಾರಣ ಸಿಕ್ಕ ಮೇಲೆ ಬದುಕುತ್ತೇನೆಂದುಕೊಳ್ಳಬೇಡ. ಬದುಕುತ್ತಿರು, ಕಾರಣ ದಾರಿಯಲ್ಲಿ ಎದುರಾಗುತ್ತದೆ. ನಿನಗೆ ಅವರಿಟ್ಟ ಹೆಸರು ನೀನಲ್ಲ. ನಡೆದುದರಲ್ಲಿ ನಿನ್ನ ತಪ್ಪಿಲ್ಲ, ನಾಚಬೇಕಾದವರು ಬೇರೆಯವರು. ಈ ರಾತ್ರಿ ಯಾವ ತೀರ್ಮಾನವನ್ನೂ ಮಾಡಬೇಡ. ಅಮ್ಮನಿಗೆ ಹೇಳು, ಅಮ್ಮನಿಗೆ ಹೇಳಲಾಗದಿದ್ದರೆ ಚಿಕ್ಕಪ್ಪನಿಗೆ, ಮೇಷ್ಟರಿಗೆ, ಅಡುಗೆಯ ಅಜ್ಜಯ್ಯನಂಥ ಯಾರಿಗಾದರೂ ಹೇಳು. ಮೊದಲನೆಯವರು ಕಿವಿಗೊಡದಿದ್ದರೆ ಎರಡನೆಯವರಿಗೆ ಹೇಳು. ಯಾರೂ ತೋಚದಿದ್ದರೆ 14416ಕ್ಕೆ ಕರೆ ಮಾಡು.

ನಾಳೆ ಬೆಳಗ್ಗೆ ಎಲ್ಲೋ ಒಂದು ಕಡೆ ನಿನ್ನ ಕೈಗಾಗಿ ಒಂದು ಕೆಲಸ ಕಾದಿದೆ. ಆ ಕೆಲಸಕ್ಕೆ ನಿನ್ನನ್ನು ಹೆಸರು ಹಿಡಿದು, ನಿನ್ನ ನಿಜವಾದ ಹೆಸರು ಹಿಡಿದು ಕರೆಯುವುದು ನಮ್ಮೆಲ್ಲರ ಹೊಣೆ. ಆ ಹೊಣೆಯನ್ನು ಈ ಲೇಖನವನ್ನು ಓದಿ ಮುಗಿಸಿದ ಪ್ರತಿಯೊಬ್ಬರೂ ಇಂದೇ, ತಮ್ಮ ತಮ್ಮ ಮನೆಯಿಂದಲೇ ವಹಿಸಿಕೊಳ್ಳಲಿ.